ಹೊತ್ತು ಮುಳುಗಿದ ಮೇಲಿನ ನೀರು

ಜನವರಿ 6, ಸೋಮವಾರ. ಬೆಳಿಗ್ಗೆ 7

ವಸಂತಿಯ ಬಿ.ಪಿ. 196/104. ನಾಲ್ಕು ಬಗೆಯ ಮಾತ್ರೆ ನುಂಗಿಯೂ ಇಳಿಯುತ್ತಿಲ್ಲ. ಕ್ರಿಯಾಟಿನಿನ್ 2.3, ಒಂದರ ಆಸುಪಾಸು ಇರಬೇಕಾದದ್ದು. ಬಲಗಡೆಯ ಕಿಡ್ನಿ ಆಗಲೇ ಸುಕ್ಕಿಹೋಗಿದೆ. ಎಡಗಡೆಯದಕ್ಕೆ ರಕ್ತ ಒಯ್ಯುವ ನಾಳವೂ ಮುಕ್ಕಾಲು ಕಟ್ಟಿದೆ. ಗುರುವಾರ ಮಂಗಳೂರಿನಲ್ಲಿ ಸ್ಟೆಂಟ್.

ಅವಳ ಮಂಡಿನೋವಿನ ಮಾತ್ರೆಗಳನ್ನೆಲ್ಲ ಎಸೆದೆ. ಕಿಡ್ನಿಗೆ ಅವು ಆಗುವುದಿಲ್ಲವಂತೆ. ಎರಡು ವರ್ಷ ಸಿದ್ಧಕಟ್ಟೆಯ ಮೆಡಿಕಲ್‌ನಿಂದ ತಂದುಕೊಟ್ಟವನು ನಾನೇ.

ಜನವರಿ 8, ಬುಧವಾರ. ಆಸ್ಪತ್ರೆ

ಫರಂಗಿಪೇಟೆಯಲ್ಲಿ ರೋಡ್ ಬ್ಲಾಕ್. ಮಂಗಳೂರು ಮುಟ್ಟುವಾಗ ಮಧ್ಯಾಹ್ನ.

ಡಾಕ್ಟರು ಬಿಡಿಸಿ ಹೇಳಿದರು. "ನಾಳ ಕಾಣಲು ಡೈ ಬಿಡಬೇಕು. ಆ ಡೈಯೇ ಕಿಡ್ನಿಗೆ ಪೆಟ್ಟು ಕೊಡಬಹುದು. ಆದಷ್ಟು ಕಡಿಮೆ ಹಾಕ್ತೇವೆ. ನಾಳದಲ್ಲಿ ಕಟ್ಟಿದ್ದರ ಚೂರುಗಳು ಕಿಡ್ನಿಯ ಒಳಗೆ ಹೋಗದ ಹಾಗೆ ಸಣ್ಣ ಜಾಲರಿ ಇಡ್ತೇವೆ. ಮೈಯಲ್ಲಿ ಮಾತ್ರ ನೀರು ಕಡಿಮೆ ಆಗಬಾರದು, ಇವತ್ತು ರಾತ್ರಿಯೂ, ನಾಳೆಯೂ."

"ಹೊತ್ತು ಮುಳುಗಿದ ಮೇಲೆ ನಾನು ನೀರು ಮುಟ್ಟುವುದಿಲ್ಲ ಡಾಕ್ಟ್ರೇ" ಎಂದಳು ವಸಂತಿ.

ಮೂವತ್ತೊಂದು ವರ್ಷದ ನಿಯಮ. ನಮ್ಮ ಮಗು ತೀರಿಕೊಂಡ ವರ್ಷ ಮೂಡುಬಿದಿರೆಯ ಬಸದಿಯಲ್ಲಿ ಮುನಿಗಳೆದುರು ತೆಗೆದುಕೊಂಡದ್ದು.

"ಡ್ರಿಪ್ ಆಗಬಹುದಾ ಅಮ್ಮ?"

ಯೋಚಿಸಿದಳು. "ಬಾಯಿಗಲ್ಲವಲ್ಲ. ಆಗಬಹುದು."

ಆಮೇಲೆ ನನ್ನ ಕೈ ಹಿಡಿದು, "ನನಗೆ ಎಚ್ಚರ ಇಲ್ಲದಿದ್ದರೂ ಬಾಯಿಗೆ ಕೊಡಬೇಡಿ" ಎಂದಳು.

ಆಯಿತು ಎಂದೆ.

ಜನವರಿ 9, ಗುರುವಾರ. ಸಂಜೆ 4

ಸ್ಟೆಂಟ್ ಕೂತಿದೆ. ಜಾಲರಿಯಲ್ಲಿ ಸಿಕ್ಕಿದ ಚೂರು ತೋರಿಸಿದರು, ಸಾಸಿವೆಯಷ್ಟು. ಅದು ಒಳಗೆ ಹೋಗಿದ್ದರೆ... ಅವಳಿಗೆ ಇನ್ನೂ ಮಂಪರು.

ಅದೇ ದಿನ. 7.15

ಡ್ರಿಪ್ ಹಾಕಿದ ಕೈ ಬಾತುಕೊಂಡಿತು. ನರ್ಸ್ ಕುಸುಮ ನಾಲ್ಕು ಕಡೆ ಚುಚ್ಚಿದಳು — ನರ ಸಿಗಲಿಲ್ಲ. ಮೂತ್ರದ ಚೀಲದಲ್ಲಿ ಹೆಚ್ಚೇನೂ ಇಲ್ಲ.

"ಕುತ್ತಿಗೆಯ ನರಕ್ಕೆ ಡ್ರಿಪ್‌ನ ಲೈನ್ ಹಾಕುವವರು ಬರಲಿಕ್ಕೆ ಒಂದು ಗಂಟೆ ಉಂಟು ಅಂಕಲ್. ಅಲ್ಲಿವರೆಗೆ ಚಮಚದಲ್ಲಿ ನೀರು ಕೊಡ್ತಾ ಇರಿ. ಡಾಕ್ಟ್ರು ಹೇಳಿದ್ದಾರೆ."

ಕಿಟಕಿಯ ಹೊರಗೆ ಕತ್ತಲೆ.

ಕೊಟ್ಟೆ.

ಜನವರಿ 11, ಶನಿವಾರ

ಕ್ರಿಯಾಟಿನಿನ್ 2.9. ಡಯಾಲಿಸಿಸ್ ಮಾತು ಎತ್ತಿದರು.

ಜನವರಿ 16, ಗುರುವಾರ. ಮನೆ

1.9ಕ್ಕೆ ಇಳಿಯಿತು! ಬಿ.ಪಿ. 142/84. ಹಗಲು ಎರಡು ಲೀಟರ್ ನೀರು, ಒಂದು ದಿನವೂ ಉಪವಾಸ ಕೂಡದು ಎಂದು ಹೇಳಿ ಕಳಿಸಿದ್ದಾರೆ.

ಪಕ್ಕದ ಮನೆಯ ಸೇಸಮ್ಮ ನೋಡಲು ಬಂದಿದ್ದರು. ವಸಂತಿ ಅವರಿಗೆ ಹೇಳುತ್ತಿದ್ದಳು: "ಆಸ್ಪತ್ರೆಯಲ್ಲೂ ನನ್ನ ನಿಯಮ ಮುರಿಯಲಿಲ್ಲ. ಇವರಿದ್ದರಲ್ಲ."

ಎದ್ದು ಅಂಗಳಕ್ಕೆ ಹೋದೆ.

ಜನವರಿ 29, ಬುಧವಾರ. ಸಂಜೆ 6.10

ಆ ಚಮಚದ ನೀರಿನ ವಿಷಯ ನಿನ್ನೆ ಹೇಳಿಬಿಟ್ಟೆ. ತಡೆಯಲಾಗಲಿಲ್ಲ.

ಬೈಯಲಿಲ್ಲ. ಕೇಳಿದ್ದು ಇಷ್ಟೇ: "ನಾನು ಬೇಡ ಅನ್ನಲಿಲ್ಲವಾ?"

ಸುಳ್ಳು ಹೇಳಬಹುದಿತ್ತು.

"ಇಲ್ಲ. ನೀನೇ ಇನ್ನೂ ಬೇಕು ಅಂದೆ."

ಮುಖ ಮುಚ್ಚಿಕೊಂಡಳು. ಮಗು ಹೋದ ದಿನ ಹೀಗೇ ಕೂತಿದ್ದಳು.

ಇವತ್ತು ಬೆಳಗಿನಿಂದ ಒಂದು ಹನಿ ನೀರು ಮುಟ್ಟಿಲ್ಲ. ಪ್ರಾಯಶ್ಚಿತ್ತವಂತೆ. ಈಗಷ್ಟೇ ಲೋಟ ಹಿಡಿದು ಅವಳೆದುರು ಕೂತೆ.

"ಒಂದು ದಿನ ಬಿಡಿ ನನ್ನನ್ನು."

"ಒಂದು ದಿನವೂ ಆಗದು ವಸಂತಿ. ತಪ್ಪು ನನ್ನದು. ಉಪವಾಸ ನಾನು ಮಾಡ್ತೇನೆ."

"ನಿಮ್ಮದು ನಿಮಗೆ. ಕೇಳಿದ್ದು ನನ್ನ ಬಾಯಿ ಅಲ್ಲವಾ?"

ಲೋಟ ಕೆಳಗಿಟ್ಟೆ. ಕೈ ಮುಗಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಅವಳು ಬೆಚ್ಚಿ ನನ್ನ ಕೈ ಬಿಡಿಸಿದಳು. ಲೋಟ ತೆಗೆದುಕೊಂಡಳು. ಅಳುತ್ತಲೇ ಅರ್ಧ ಕುಡಿದಳು. ಉಳಿದದ್ದನ್ನು ನನ್ನ ಕೈಗೆ ಕೊಡಲಿಲ್ಲ, ನೆಲಕ್ಕಿಟ್ಟು ಒಳಗೆ ಹೋದಳು.

ಹೊತ್ತು ಮುಳುಗಲು ಇನ್ನೂ ಹದಿನೈದು ನಿಮಿಷ ಉಂಟು. ಇನ್ನೊಂದು ಸಲ ಹೋಗಿ ಕೇಳಿದರೆ ಉಳಿದರ್ಧವನ್ನೂ ಕುಡಿದಾಳೇನೋ.