ಸೋರುವ ಅರಮನೆಗೆ ಅನುದಾನ

ಗೋದಾಮಿನ ಮಹಾರಾಣಿಯಾದ ನನ್ನ ಅಕ್ಕನಿಗೆ,

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

ಚಿಕ್ಕಂದಿನಲ್ಲೇ ನೀನು ನನ್ನನ್ನು ಬೊಂಬೆಯಾಟದಿಂದ ಹೊರಗೆ ಹಾಕಿದೆ. ‘ನಿನ್ ಕೈ ನಡುಗುತ್ತೆ ಕಣೋ, ನೀನು ಆಡಿಸಿದ್ರೆ ರಾಜನಿಗೆ ಚಳಿಜ್ವರ ಬಂದ ಹಾಗಿರುತ್ತೆ’ ಅಂದಿದ್ದೆ. ನಾನು ಬೊಂಬೆ ಬಿಟ್ಟು ಪೆನ್ನು ಹಿಡಿದೆ. ನಗೆಬರಹದಲ್ಲಿ ನಡುಗಿದರೆ ಯಾರೂ ಕೇಳುವುದಿಲ್ಲ. ಆ ಬರಹಗಳ ದೆಸೆಯಿಂದ ಪ್ರಾದೇಶಿಕ ಕಲಾ ಅನುದಾನ ಸಮಿತಿಯ ಸದಸ್ಯನಾದಾಗ, ಇನ್ನು ನಿನ್ನ ಬೊಂಬೆಯಾಟದ ತಂಡದ ಕಷ್ಟ ತೀರಿತೆಂದು ಭಾವ ಎಲ್ಲರಿಗೂ ಟೀ ಕುಡಿಸಿದರು. ಪಾಪ, ಅವರಿಗೆ ನಿಯಮ ಗೊತ್ತಿರಲಿಲ್ಲ. ಸಂಬಂಧಿಕರ ಅರ್ಜಿ ಬಂದರೆ ಸದಸ್ಯ ಎದ್ದು ಹೊರಗೆ ಹೋಗಬೇಕು. ಕಂಡವರ ಪರವಾಗಿಯೆಲ್ಲ ವಾದಿಸಿದ ನಾನು, ನಿನ್ನ ಸರದಿ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ನೀರಿನ ಫಿಲ್ಟರಿಗೆ ಜೊತೆಯಾಗಿ ಕೂತಿದ್ದೆ.

ನಿನ್ನ ಅರ್ಜಿಯಾದರೂ ಎಂಥದು! ಉಳಿದವರು ‘ಸಾಂಸ್ಕೃತಿಕ ಸಬಲೀಕರಣ’ ಎಂದು ಬರೆದ ಕಡೆ ನೀನು ‘ನಾವು ಆಟ ಆಡುವ ಗೋದಾಮಿನ ಮಾಡು ಸೋರುತ್ತಿದೆ, ಬೊಂಬೆಗಳು ಹಾಳಾಗುತ್ತಿವೆ’ ಎಂದು ಬರೆದೆ. ಸುಳ್ಳೇನಲ್ಲ. ಅಮ್ಮ ಮಾಡಿದ ರಾಣಿಬೊಂಬೆಯ ಕೆನ್ನೆ ತೇವಕ್ಕೆ ಸಿಪ್ಪೆಯೆದ್ದದ್ದನ್ನು ನಾನೂ ನೋಡಿದ್ದೆ. ಇನ್ನೊಂದು ಮಳೆಗಾಲ ಕಳೆದರೆ ಅವಳ ಮುಖವೇ ಇರುವುದಿಲ್ಲ. ಆದರೆ ಕಟ್ಟಡಕ್ಕೆ ಹಣ ಕೊಡುವಂತಿಲ್ಲ, ಹೊಸ ಪ್ರಯೋಗಕ್ಕೆ ಮಾತ್ರ. ನೀನು ಮಾಡು ಕೇಳಿದೆ. ಸಮಿತಿ ‘ಹೊಸದೇನಾದರೂ ಮಾಡು’ ಎಂದಿತು.

‘ಆಯ್ತು ಬಿಡು, ಮಾಡೋಣ. ಅವರೇ ಬಂದು ನೋಡ್ಲಿ’ ಅಂದೆ ನೀನು. ಆ ದನಿ ನನಗೆ ಗೊತ್ತು. ಯಾರಿಗೋ ಕಾದಿದೆ ಅಂದುಕೊಂಡೆ.

ಸಮಿತಿಯವರನ್ನು ಗೋದಾಮಿಗೇ ಕರೆಸಿ, ಜಡಿಮಳೆಯಲ್ಲೇ ಮೊದಲ ಪ್ರದರ್ಶನ ಇಟ್ಟೆ. ಸೋರುವ ಅರಮನೆಯ ರಾಜ ಸಿಂಹಾಸನ ಎಳೆದುಕೊಂಡು ಒಣ ಜಾಗ ಹುಡುಕುತ್ತಾನೆ. ಮಂತ್ರಿ ‘ಪ್ರಭು, ಹೊಸ ಅರಮನೆಗೆ ಹಣ ಇದೆ, ಹಳೇದರ ರಿಪೇರಿಗೆ ಇಲ್ಲ’ ಅನ್ನುತ್ತಾನೆ. ರಾಜ, ಮಂತ್ರಿ ಬೊಂಬೆಗಳು, ಹನಿ ಮಾತ್ರ ಅಸಲಿ. ಭಾವ ಸೋರುವ ಕಡೆಯೆಲ್ಲ ಬಕೆಟ್ಟು, ತಪ್ಪಲೆ, ಡಬ್ಬಗಳನ್ನು ಶ್ರುತಿ ನೋಡಿ ಜೋಡಿಸಿದ್ದರು. ನಮ್ಮ ಸಮಿತಿಯ ಅಧ್ಯಕ್ಷೆ ನಿವೃತ್ತ ಸಂಗೀತ ಟೀಚರು. ಭುಜದ ಮೇಲೆ ಹನಿ ಬೀಳುತ್ತಿದ್ದರೂ ಅಲುಗಲಿಲ್ಲ. ಹೊರಡುವಾಗ ನಿನಗೆ ಹೇಳಿದ್ದು ಇಷ್ಟೇ: ‘ಎಲ್ಲಾ ಚೆನ್ನಾಗಿತ್ತಮ್ಮ. ಆ ನೀಲಿ ಬಕೆಟ್ಟು ಮಾತ್ರ ಅಪಸ್ವರ.’

ಮೊನ್ನೆಯ ಸಭೆಯಲ್ಲಿ ಮತ್ತೆ ನಾನು ಬೆಂಚಿಗೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನನ್ನ ಕಿವಿಯೂ. ‘ಕಟ್ಟಡಕ್ಕೆ ಕೊಡೋ ಹಾಗಿಲ್ಲ ಮೇಡಂ’ ಎಂದರು ಕಾರ್ಯದರ್ಶಿ. ಅಧ್ಯಕ್ಷೆ ಬಿಡಲಿಲ್ಲ: ‘ಅದು ಯಾಕ್ರೀ ಕಟ್ಟಡ ಆಗುತ್ತೆ? ನಾಟಕದ ಅರಮನೆ ಅದು. ನಾನೇ ನೆನೆದು ಬಂದಿದ್ದೀನಿ. ರಂಗಸಜ್ಜಿಕೆ ದುರಸ್ತಿ ಅಂತ ಬರ್ಕೊಳ್ಳಿ.’ ಬರೆದುಕೊಂಡರು. ಷರತ್ತು ಒಂದೇ: ಇದೇ ನಾಟಕ ಇದೇ ಗೋದಾಮಿನಲ್ಲಿ ವರ್ಷವಿಡೀ ನಡೆಯಬೇಕು.

ಆದೇಶ ಕೈಸೇರಿದಾಗ ನೀನು ಖುಷಿಪಡುವುದು ಬಿಟ್ಟು ನನ್ನ ಮೇಲೆ ರೇಗಿದೆ. ‘ಮಾಡು ಸರಿಹೋದ್ಮೇಲೆ ಹನಿ ಎಲ್ಲಿಂದ ತರ್ಲೋ? ನಾಟಕ ಒಣಗಿ ಹೋಗುತ್ತಲ್ಲೋ.’

ಉತ್ತರ ಇಲ್ಲಿದೆ. ತೊಲೆಯ ಮೇಲೆ ಒಬ್ಬರು ಕೂತು ಕ್ಯಾನಿನಿಂದ ನೀರು ಹನಿಸಬೇಕು. ಹನಿ ಧಾರೆಯಾಗಬಾರದು, ಒಂದೇ ಲೆಕ್ಕದಲ್ಲೂ ಬೀಳಬಾರದು. ಅದಕ್ಕೆ ನಡುಗುವ ಕೈಯೇ ಬೇಕು. ಅಂಥ ಕೈ ನಿನ್ನ ತಂಡದಲ್ಲಿಲ್ಲ, ಮನೆತನದಲ್ಲಿ ಒಂದಿದೆ. ಸಮಿತಿಯಲ್ಲಿದ್ದುಕೊಂಡು ನಿನ್ನ ನಾಟಕದಲ್ಲಿ ಇರುವಂತಿಲ್ಲ, ಹಾಗಾಗಿ ಇವತ್ತು ರಾಜೀನಾಮೆ ಕೊಟ್ಟೆ. ಹೊರಗೆ ಕೂತದ್ದು ಸಾಕು, ಇನ್ನು ಮೇಲೆ ಕೂರುತ್ತೇನೆ. ಏಣಿ ಹಿಡಿದುಕೊಳ್ಳಲು ಭಾವನಿಗೆ ಹೇಳು.

ಅಮ್ಮನ ರಾಣಿಯ ಕೆನ್ನೆಗೆ ಬಣ್ಣ ಹಚ್ಚು. ನಿನ್ನ ಮಾಡು ಗಟ್ಟಿಯಾಗಿರಲಿ. ಆಟದ ಹೊತ್ತಿಗೆ ಮಾತ್ರ ಸೋರಲಿ.

ಇಂತಿ, ನೀರಿನ ಪಾತ್ರಧಾರಿ,
ನಿನ್ನ ತಮ್ಮ