ನನ್ನ ಕಾಲಡಿಯ ಬ್ರೇಕು

ಇವಳೇ,

ನೀನು ಇದನ್ನು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮೇಲೆ ಮಗಳಿಗೆ ಯಾವುದಕ್ಕೂ ಕೊರತೆಯಾಗಬಾರದೆಂದು ಎರಡೂ ಹೊತ್ತು ಡ್ರೈವಿಂಗ್ ಕಲಿಸಲು ಹೋಗುತ್ತೇನೆ. ಅವಳಿಗೀಗ ಒಳ್ಳೆಯ ಕಾಲೇಜು, ಅವಳದೇ ಕೋಣೆ, ಎಲ್ಲ ಇದೆ. ಮಾತಿಗೆ ಮಾತ್ರ ನಾನು ಸಿಗುವುದಿಲ್ಲ.

ಹದಿನೆಂಟು ತುಂಬಿತು, ಲರ್ನರ್ ಲೈಸೆನ್ಸೂ ಬಂತು, ಕಲಿಯಲಿ ಎಂದು ಇವತ್ತು ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಅವಳ ಕೈಗೆ ಕೊಟ್ಟೆ. ಒಂದೆರಡು ಸುತ್ತು ಚೆನ್ನಾಗಿಯೇ ಓಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು:

"ಅಪ್ಪಾ, ಇಷ್ಟಪಟ್ಟಿರೋ ಹುಡುಗನೇ ತುಂಬಾ ಒತ್ತಾಯ ಮಾಡಿದ್ರೆ, ಅವನಿಗೆ ಬೇಜಾರಾಗದ ಹಾಗೆ ಬೇಡ ಅನ್ನೋದು ಹೇಗೆ?"

ಕಲಿಸುವವನ ಕಾಲಡಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ತುಳಿದುಬಿಟ್ಟೆ. ಗಾಡಿ ಗಕ್ಕನೆ ನಿಂತು ಆಫ್ ಆಯಿತು. ಎದುರಿಗೆ ಒಂದು ನಾಯಿಯೂ ಇರಲಿಲ್ಲ.

ಊರ ಮಕ್ಕಳಿಗೆಲ್ಲ ಗಂಟಲು ಹರಿಯುವಷ್ಟು ಹೇಳಿಕೊಡುವವನು ನಾನು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಕ್ಲಚ್ ಯಾಕಮ್ಮ ಒತ್ತಲಿಲ್ಲ?"

ಅವಳು ನನ್ನ ಕಾಲಿನ ಕಡೆ ಒಮ್ಮೆ ನೋಡಿದಳು. ಬ್ರೇಕ್ ಮೇಲಿಂದ ನಾನಿನ್ನೂ ಕಾಲು ತೆಗೆದಿರಲಿಲ್ಲ.

"ಸಾರಿ ಅಪ್ಪಾ," ಅಂದಳು.

ನೀನಿದ್ದಿದ್ದರೆ ಅವಳು ನನ್ನವರೆಗೆ ಬರುತ್ತಲೇ ಇರಲಿಲ್ಲ. ಬಂದಳಲ್ಲ, ಅದೇ ನನ್ನನ್ನು ತಿನ್ನುತ್ತಿದೆ.

ಮನೆವರೆಗೂ ಅವಳೇ ಓಡಿಸಿದಳು, ಒಂದೇ ಒಂದು ತಪ್ಪಿಲ್ಲದೆ, ಒಂದೇ ಒಂದು ಮಾತಿಲ್ಲದೆ. ಬಾಗಿಲ ಬಳಿ ಇಳಿಯುವಾಗ ಏನಾದರೂ ಹೇಳಬೇಕಲ್ಲ ಎಂದು ಬೆನ್ನು ತಟ್ಟಿ ಹೊಗಳಿದೆ:

"ಭೇಷ್! ಇನ್ಮೇಲೆ ನಾನು ಪಕ್ಕದಲ್ಲಿ ಕೂರೋದೇ ಬೇಡ."