ಹರಿದ ತುದಿ ಹೆಣೆಯುವ ಔಷಧಿ

ಕೇಣಿ, ಅಂಕೋಲಾ
೧೪ ನವೆಂಬರ್ ೨೦೦೮

ಮಗಳು ಪ್ರೀತಿಗೆ ಅಪ್ಪನ ಆಶೀರ್ವಾದ.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಸಿಟ್ಟೇ ಬರುತ್ತಿತ್ತು. ನಿನ್ನ ಆಯಿ ಎರಡು ತುತ್ತು ಉಣ್ಣುತ್ತಾಳೆ. ಎದೆಯ ಗಡ್ಡೆ ಮಾತ್ರ ಮತ್ತೆ ದೊಡ್ಡದಾಗಿದೆ.

ಬಾಳೆಗುಳಿ ಕ್ರಾಸಿನಲ್ಲಿ ದೇವಾನಂದ ಎಂಬವನು ಔಷಧಿ ಮಾರುತ್ತಾನೆ. ಬಾಟಲಿಯ ಮೇಲೆ, ಪುಣೆಯಲ್ಲಿ ನೀನು ಸಂಶೋಧನೆ ಮಾಡುತ್ತಿರುವ ಅದೇ ಹೆಸರು, ಟೆಲೊಮರೇಸ್. "ಜೀವಕೋಶದ ಒಳಗಿನ ದಾರದ ತುದಿ ಸವೆದ್ರೆ ಮನ್ಷ ಸವೀತಾನೆ. ಇದು ಆ ತುದಿ ಹೆಣೀತದೆ. ಬಲೆ ಹರಿದ್ರೆ ಹೆಣೀದೆ ಬಿಡ್ತ್ರಾ ನೀವು?" ಎಂದು ಬಲೆ ಹೆಣೆಯುವ ನಮಗೇ ಕೇಳುತ್ತಾನೆ. ಅವನ ಸೊಕ್ಕು ನೋಡು.

ಬಾಟಲಿ ಹಿಡಿದು, ನಿನ್ನ ಆಯಿಗೆ ಇಂಜೆಕ್ಷನ್ ಕೊಡುವ ಕಾರವಾರದ ಡಾಕ್ಟರಮ್ಮನ ಹತ್ತಿರ ಹೋದೆ. ಬಾಟಲಿಯ ಚೀಟಿ ಓದಿ ಅವರ ಮುಖ ಕೆಂಪಾಯಿತು. "ಕ್ಯಾನ್ಸರ್ ಕೋಶ ಸಾಯದೆ ಬೆಳೆಯೋದೇ ಈ ಟೆಲೊಮರೇಸ್ ಬಲದಿಂದ. ನಿಮ್ಮ ಮಗಳು ಇದನ್ನ ನಿಲ್ಲಿಸೋ ಔಷಧಿ ಹುಡುಕ್ತಿದ್ದಾಳೆ, ಅದಿನ್ನೂ ಪರೀಕ್ಷೆಯಲ್ಲಿದೆ. ಇವನು ಅದನ್ನೇ ಹೆಚ್ಚು ಮಾಡ್ತೇನೆ ಅಂತ ಮಾರ್ತಾನೆ. ಒಳಗೆ ಬರೀ ಬೆಲ್ಲದ ನೀರೋ ಏನೋ. ಅದಿರಲಿ, ಮೂರು ಇಂಜೆಕ್ಷನ್ ಎಂತಕ್ಕೆ ತಪ್ಪಿಸಿದ್ರಿ?" ಎಂದು ಬೈದರು.

ಅಲ್ಲಿಂದ ಬಸ್ಸು ಹತ್ತಿ ನೇರ ಬಾಳೆಗುಳಿಗೆ ಬಂದು ದೇವಾನಂದನ ಅಂಗಿ ಹಿಡಿದೆ. ಜನ ಸೇರಿದರು. ಅವನಿಗೆ ಒಂದಿಷ್ಟೂ ನಾಚಿಕೆಯಿಲ್ಲ. "ದತ್ತಣ್ಣ, ಇಂಜೆಕ್ಷನ್ ಬಿಡಿ ಅಂತ ನಾ ಯಾವಾಗ ಹೇಳ್ದೆ?" ಎಂದ. ನಾನು ಅಂಗಿ ಬಿಟ್ಟು ಮನೆಗೆ ಬಂದೆ.

ಪೊಲೀಸರಿಗೆ ಅರ್ಜಿ ಕೊಟ್ಟಿದ್ದೇನೆ, ಅವನನ್ನು ಸುಮ್ಮನೆ ಬಿಡುವವನಲ್ಲ. ಸೋಮವಾರದಿಂದ ಇಂಜೆಕ್ಷನ್ ಮತ್ತೆ ಶುರು. ತಡವಾಗಿದೆ, ನೋಡೋಣ ಎಂದಿದ್ದಾರೆ ಡಾಕ್ಟರಮ್ಮ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ ಕೈಗೂಡಲಿ, ನಮ್ಮಂಥವರ ಮನೆಗೆ ಬೇಗ ಮುಟ್ಟಲಿ.

ನಿನ್ನ ಅಪ್ಪ,
ದತ್ತಾ

ತಾ.ಕ.: ಇಂಜೆಕ್ಷನ್ ಬಿಡಿಸಿದ್ದು ನಾನು. ಚವತಿ ಹಬ್ಬಕ್ಕೆ ಬಂದಾಗ ನೀನು ನನ್ನ ಬಲೆಯನ್ನೇ ಹಿಡಿದು, ಕ್ಯಾನ್ಸರ್ ತನ್ನ ಸವೆದ ತುದಿಯನ್ನು ತಾನೇ ಹೆಣೆದುಕೊಳ್ಳುತ್ತದೆ ಎಂದು ವಿವರಿಸಿದ್ದೆಯಲ್ಲ, ನನ್ನ ತಲೆಯಲ್ಲಿ ಹೆಣೆಯುವುದೊಂದೇ ಉಳಿಯಿತು. ನಲವತ್ತು ವರ್ಷ ಬಲೆ ಹೆಣೆದವನಿಗೆ, ಹೆಣೆದರೆ ಕೆಡುಕಾಗುತ್ತದೆ ಎಂದು ಹೇಗೆ ಹೊಳೆಯಬೇಕು? ಬಾಟಲಿಯ ಮೇಲೆ ಆ ಹೆಸರು ಕಂಡದ್ದೇ, ಇದು ನಮ್ಮ ಮಗಳು ಮಾಡಿದ ಔಷಧಿ, ಇನ್ನು ಇಂಜೆಕ್ಷನ್ ಬೇಡ ಎಂದು ನಿನ್ನ ಆಯಿಗೆ ನಾನೇ ಹೇಳಿದೆ. ಎರಡು ತಿಂಗಳು ಒಂದು ಹೊತ್ತೂ ತಪ್ಪಿಸದೆ ಕುಡಿದಳು. ಉಳಿದದ್ದನ್ನು ನಿನ್ನೆ ಚೆಲ್ಲಿದೆ. "ಮಗಳ ಮದ್ದು ಮುಗೀತಾ? ಮತ್ತೊಂದ್ ಬಾಟ್ಲಿ ಕಳ್ಸೂಕೆ ಹೇಳಿ ಬರೀರಿ" ಎಂದಳು. ಈಗ ಪಕ್ಕದಲ್ಲೇ ಕೂತಿದ್ದಾಳೆ. ನಾನು ಅದನ್ನೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ.